ಬೀಳದೆ ನಿಲ್ಲುವ ಪಡೆ

ರಾವಣನು ಗೋಕರ್ಣದ ನೆಲದಿಂದ ಆತ್ಮಲಿಂಗವನ್ನು ಕೀಳಲು ಹೆಣಗಿದಾಗ ಅದರ ದಾರವು ಬಿದ್ದ ಸ್ಥಳವೇ ಧಾರೇಶ್ವರವೆಂದು ಸ್ಥಳಪುರಾಣವು ಹೇಳುವದು. ಹತ್ತು ತಲೆಯವನ ಬಲವು ಸೋತದ್ದು ಹೊಡೆತಕ್ಕಲ್ಲ, ಕದಲದೆ ನಿಂತುದಕ್ಕೆ. ಮಳೆಗಾಲದಲ್ಲಿ ಮನೆಯ ಮಕ್ಕಳು ಪೋಕೆಮಾನ್ ಎಂಬ ವೀಡಿಯೋ ಆಟದಲ್ಲಿ ಸೋತು ಕಣ್ಣೀರಿಡುವಾಗ ನಮಗೆ ಈ ಕಥೆಯೇ ನೆನಪಾಗುವದು.

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಆಟದಲ್ಲಿ ಒಬ್ಬೊಬ್ಬನು ಆರು ಮಾಯಾಮೃಗಗಳ ವರೆಗೆ ಪಡೆ ಕಟ್ಟಿ ಕಾದುವನು. ಎಳೆಯರು ಹೊಡೆಯುವ ಮೃಗಗಳನ್ನೇ ಆರಿಸುವರು. ಬಲ್ಲವರು ತಡೆಯುವವುಗಳನ್ನೂ ಕೂಡಿಸುವರು. ಸ್ಕಾರ್ಮರಿ, ಬ್ಲಿಸ್ಸಿಗಳ ಜೋಡಿಯು ಇದಕ್ಕೆ ಹಳೆಯ ನಿದರ್ಶನವು. ಉಕ್ಕಿನ ಹಕ್ಕಿಯಾದ ಸ್ಕಾರ್ಮರಿಯ ಮೂಲ ರಕ್ಷಣಾಂಕವು 140; ಮೈಮೇಲಿನ ಪೆಟ್ಟನ್ನು ಅದು ತಾಳುವದು, ಬೆಂಕಿಗೂ ಮಿಂಚಿಗೂ ಅಂಜುವದು. ಬ್ಲಿಸ್ಸಿಯ ಮೂಲ ಪ್ರಾಣಾಂಕವು 255, ರಕ್ಷಣಾಂಕವು ಬರಿಯ 10. ಬೆಂಕಿ ಮಿಂಚುಗಳನ್ನು ಸಹಿಸುವ ಅದು ಬಲವಾದ ಗುದ್ದಿಗೆ ಕುಸಿಯುವದು. ಒಂದರ ಕೊರತೆಯನ್ನು ಮತ್ತೊಂದು ತುಂಬುವದರಿಂದಲೇ ಎರಡೂ ಉಳಿಯುವವು.

ಆದರೆ ಬರಿಯ ತಡೆಯಿಂದ ಗೆಲವಿಲ್ಲ. ವಿಷವೇರಿಸುವ, ನೆಲದಲ್ಲಿ ಮುಳ್ಳು ಹರಡುವ ಉಪಾಯವೂ ಬೇಕು. ಆಗ ಎದುರಾಳಿಯು ಮೃಗವನ್ನು ಬದಲಿಸಿದಂತೆಲ್ಲ ತಾನೇ ಸವೆಯುವನು.

ಆದುದರಿಂದ, ಗೃಹಸ್ಥರೇ, ಸೋತು ಬಂದ ಮಗುವಿಗೆ ‘ನಿನ್ನ ಪಡೆಯಲ್ಲಿ ಬಲಿಷ್ಠನಾರು?’ ಎಂದು ಕೇಳಬೇಡಿರಿ. ‘ಯಾರು ಯಾರನ್ನು ಕಾಯುವರು?’ ಎಂದು ಕೇಳಿರಿ. ಉತ್ತರ ದೊರೆತ ದಿನ ಕಣ್ಣೀರು ತಾನೇ ಆರುವದು.