ರಾತ್ರಿ ಪಾಳಿಯಲ್ಲಿ ಉಸಿರೆಣಿಸುವವರು

ಆಸ್ಪತ್ರೆಯಲ್ಲಿ ಅಜ್ಜನದೋ ಅಜ್ಜಿಯದೋ ಮಂಚದ ಪಕ್ಕ ಚಾಪೆ ಹಾಸಿಕೊಂಡು ಒಂದು ರಾತ್ರಿ ಕಳೆದ ಅನುಭವ ನಿಮ್ಮಲ್ಲಿ ಹಲವರಿಗೆ ಇರಬಹುದು. ಹತ್ತು ಗಂಟೆಯ ಹೊತ್ತಿಗೆ ವಾರ್ಡಿನ ದೊಡ್ಡ ದೀಪಗಳು ಆರುತ್ತವೆ. ಸಿಸ್ಟರ್ ಕೂರುವ ಮೇಜಿನ ಮೇಲೆ ಮಾತ್ರ ಬೆಳಕು. ನಡುರಾತ್ರಿ ಎರಡು ಗಂಟೆಗೆ, ಅಂತೂ ಅಜ್ಜಿಗೆ ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ, ಸಿಸ್ಟರ್ ಬಂದು ಅವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾರೆ. 'ಪಾಪ, ಮಲಗಿದವರನ್ನು ಯಾಕೆ ಎಬ್ಬಿಸುತ್ತಾರೋ' ಎಂದು ನೀವು ಮನಸ್ಸಿನಲ್ಲೇ ಗೊಣಗಿಕೊಂಡಿರಬಹುದು. ಯಾಕೆ ಎಬ್ಬಿಸುತ್ತಾರೆ ಎಂಬುದೇ ಈ ಲೇಖನದ ವಿಷಯ.

'ಚೆನ್ನಾಗಿಯೇ ಇದ್ದರು, ಬೆಳಗಿನ ಜಾವ ಇದ್ದಕ್ಕಿದ್ದಂತೆ ಹೋಗಿಬಿಟ್ಟರು' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದ್ದಕ್ಕಿದ್ದಂತೆ ಎಂಬುದು ಬಹಳ ಸಲ ನಿಜವಲ್ಲ. ಅಮೆರಿಕದ ಮಯಾಮಿಯ ವೈದ್ಯರು 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ನಿಂತುಹೋದ 64 ರೋಗಿಗಳ ದಾಖಲೆಗಳನ್ನು ಹಿಂದಕ್ಕೆ ತಿರುವಿ ನೋಡಿದರು. ಅವರಲ್ಲಿ ನೂರಕ್ಕೆ 84 ಮಂದಿಯಲ್ಲಿ, ಹೃದಯ ನಿಲ್ಲುವ ಮುಂಚಿನ ಎಂಟು ಗಂಟೆಗಳೊಳಗೆ ಸ್ಥಿತಿ ಹದಗೆಟ್ಟ ಗುರುತುಗಳು ಅಥವಾ ಹೊಸ ತೊಂದರೆಗಳು ದಾಖಲೆಯಲ್ಲಿಯೇ ಇದ್ದವು. ಎಂಟು ಗಂಟೆ ಎಂದರೆ ಹೆಚ್ಚುಕಡಿಮೆ ಒಂದು ರಾತ್ರಿ.

ಆ ರಾತ್ರಿಯಲ್ಲಿ ಯಾರಾದರೂ ನೋಡುತ್ತಿರಬೇಕು, ಅಷ್ಟೇ. ಆದರೆ ರಾತ್ರಿ ನೋಡುವುದು ಹಗಲಿಗಿಂತ ಕಷ್ಟ. ಅಮೆರಿಕದ ಐನೂರಕ್ಕೂ ಹೆಚ್ಚು ಆಸ್ಪತ್ರೆಗಳ 86 ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿದ ವರದಿಯೊಂದು 2008ರಲ್ಲಿ ಹೊರಬಂತು. ಆಸ್ಪತ್ರೆಯಲ್ಲಿ ಹಗಲು ಅಥವಾ ಸಂಜೆ ಹೃದಯ ನಿಂತವರಲ್ಲಿ ಶೇಕಡಾ 19.8ರಷ್ಟು ಮಂದಿ ಬದುಕಿ ಮನೆ ಸೇರಿದ್ದರು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರ ನಡುವೆ ಹಾಗಾದವರಲ್ಲಿ ಈ ಪ್ರಮಾಣ ಶೇಕಡಾ 14.7 ಮಾತ್ರ. ರಾತ್ರಿ ಸಿಬ್ಬಂದಿ ಕಡಿಮೆ, ಬೆಳಕು ಕಡಿಮೆ, ಹಿರಿಯ ವೈದ್ಯರು ಮನೆಯಲ್ಲಿ. ಅದರ ಜೊತೆಗೆ ಇನ್ನೊಂದು ತೊಡಕೂ ಇದೆ: ಮಲಗಿರುವ ರೋಗಿಗೂ ಪ್ರಜ್ಞೆ ತಪ್ಪುತ್ತಿರುವ ರೋಗಿಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ಸುಮ್ಮನೆ ಇರುತ್ತಾರೆ! ಮುಟ್ಟಿ ಮಾತಾಡಿಸದೆ ತಿಳಿಯುವ ದಾರಿ ಇಲ್ಲ.

ಸಿಸ್ಟರ್ ಏನೇನು ನೋಡುತ್ತಾರೆ? ನಾಡಿ, ರಕ್ತದೊತ್ತಡ, ಮೈ ಬಿಸಿ, ರಕ್ತದಲ್ಲಿನ ಆಮ್ಲಜನಕ, ಎಚ್ಚರದ ಸ್ಥಿತಿ ಮತ್ತು ಉಸಿರಾಟ. ಇವುಗಳಲ್ಲಿ ಮೊದಲ ನಾಲ್ಕಕ್ಕೆ ಯಂತ್ರಗಳಿವೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ಇಂದಿಗೂ ಕಣ್ಣಿನಿಂದಲೇ ಎಣಿಸಬೇಕು. ದೇಹ ಸಂಕಟಕ್ಕೆ ಸಿಕ್ಕಿದಾಗ ಬಹಳ ಬೇಗ ಬದಲಾಗುವ ಗುರುತುಗಳಲ್ಲಿ ಇದೊಂದು. ಸೋಂಕು ರಕ್ತಕ್ಕೆ ಹರಡಿದರೂ, ಒಳಗೆ ರಕ್ತಸ್ರಾವವಾಗುತ್ತಿದ್ದರೂ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದ್ದರೂ ರಕ್ತದೊತ್ತಡ ಕುಸಿಯುವ ಎಷ್ಟೋ ಮೊದಲೇ ಉಸಿರು ಚುರುಕಾಗಬಹುದು.

ಎಣಿಸುವುದರಲ್ಲೂ ಒಂದು ಜಾಣ್ಮೆ ಇದೆ. 'ನಿಮ್ಮ ಉಸಿರು ಎಣಿಸುತ್ತೇನೆ' ಎಂದರೆ ರೋಗಿಯ ಉಸಿರಾಟ ತಾನಾಗಿ ಬದಲಾಗುತ್ತದೆ. ಬೇಕಾದರೆ ಈಗಲೇ ನಿಮ್ಮ ಉಸಿರನ್ನು ಗಮನಿಸಿ ನೋಡಿ, ಅದು ಆಗಲೇ ಸಹಜವಾಗಿ ಉಳಿದಿಲ್ಲ. ಆದ್ದರಿಂದ ಅನುಭವಿ ನರ್ಸ್ ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುವವರಂತೆ ನಿಂತು, ಕಣ್ಣನ್ನು ಮಾತ್ರ ಎದೆಯ ಮೇಲೆ ಇಡುತ್ತಾರೆ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದಲ್ಲಿ ಲೆಕ್ಕ ನಾಲ್ಕು ತಪ್ಪುತ್ತದೆ. ಹತ್ತಾರು ಹಾಸಿಗೆಗಳಿಗೆ ಒಬ್ಬರೇ ಇರುವಾಗ ಒಂದೊಂದು ನಿಮಿಷವೂ ದುಬಾರಿ, ನಿಜ. ಅದಕ್ಕೇ ಎಷ್ಟೋ ಚಾರ್ಟುಗಳಲ್ಲಿ ಎಲ್ಲ ರೋಗಿಗಳ ಎದುರೂ 18 ಅಥವಾ 20 ಎಂದೇ ಬರೆದಿರುವುದು ಕಾಣುತ್ತದೆ. ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ, ಬೇರೆ ದೇಶಗಳಲ್ಲೂ ಕಂಡುಬಂದಿದೆ.

ಈ ಸಂಖ್ಯೆಗಳನ್ನು ಸೇರಿಸಿ ನೋಡುವ ಒಂದು ಸರಳ ವಿಧಾನವನ್ನು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ಹೊರತಂದು, 2017ರಲ್ಲಿ ಪರಿಷ್ಕರಿಸಿತು. ಪ್ರತಿಯೊಂದು ಅಳತೆಗೂ ಸೊನ್ನೆಯಿಂದ ಮೂರರವರೆಗೆ ಅಂಕ. ಪರೀಕ್ಷೆಯ ಅಂಕವಲ್ಲ, ಇಲ್ಲಿ ಹೆಚ್ಚು ಬಂದಷ್ಟೂ ಕೆಟ್ಟದ್ದು. ಒಂದು ಕಲ್ಪಿತ ಉದಾಹರಣೆ ನೋಡೋಣ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರು. ರಾತ್ರಿ ಹತ್ತಕ್ಕೆ ಉಸಿರು 18, ನಾಡಿ 88, ಮೇಲಿನ ರಕ್ತದೊತ್ತಡ 124, ಮೈ ಬಿಸಿ 37.4 ಡಿಗ್ರಿ ಸೆಲ್ಸಿಯಸ್, ಆಮ್ಲಜನಕ 97. ಒಟ್ಟು ಅಂಕ ಸೊನ್ನೆ. ಎರಡು ಗಂಟೆಗೆ ಉಸಿರು 22, ನಾಡಿ 104, ರಕ್ತದೊತ್ತಡ 108, ಮೈ ಬಿಸಿ 38.2, ಆಮ್ಲಜನಕ 96. ಯಾವ ಒಂದು ಸಂಖ್ಯೆಯೂ ಗಾಬರಿ ಹುಟ್ಟಿಸುವುದಿಲ್ಲ. ಆದರೆ ಉಸಿರಿಗೆ ಎರಡು, ನಾಡಿಗೆ ಒಂದು, ರಕ್ತದೊತ್ತಡಕ್ಕೆ ಒಂದು, ಜ್ವರಕ್ಕೆ ಒಂದು, ಒಟ್ಟು ಐದು. ಐದು ಬಂದರೆ ಡ್ಯೂಟಿ ಡಾಕ್ಟರನ್ನು ತುರ್ತಾಗಿ ಕರೆಯಬೇಕು, ಕನಿಷ್ಠ ಗಂಟೆಗೊಮ್ಮೆ ನೋಡಬೇಕು ಎಂಬುದು ಆ ವಿಧಾನದ ನಿಯಮ. ಎರಡು ಗಂಟೆಗೆ ಎಬ್ಬಿಸದೆ ಬಿಟ್ಟಿದ್ದರೆ ಇದು ತಿಳಿಯುತ್ತಿದ್ದುದು ಬೆಳಿಗ್ಗೆ ಆರಕ್ಕೆ. ಹಾಗೆಂದು ಎಲ್ಲರನ್ನೂ ಎಬ್ಬಿಸಬೇಕಿಲ್ಲ. ಅಂಕ ಸೊನ್ನೆ ಇರುವವರನ್ನು ಹನ್ನೆರಡು ಗಂಟೆಗೊಮ್ಮೆ ನೋಡಿದರೂ ಸಾಕು ಎಂದು ಅದೇ ವಿಧಾನ ಹೇಳುತ್ತದೆ. ನಿದ್ದೆಯೂ ಒಂದು ಔಷಧವೇ ತಾನೆ?

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆಯಲ್ಲ ಎಂದು ನೀವು ಕೇಳಬಹುದು. ಜಪಾನಿನ ಟಾಕುವೋ ಅಯೋಯಾಗಿ 1974ರಲ್ಲಿ ಕಂಡುಕೊಂಡ ತತ್ತ್ವದ ಮೇಲೆ ನಡೆಯುವ ಈ ಪುಟ್ಟ ಯಂತ್ರ 2020ರ ಕೊರೋನಾ ಕಾಲದಲ್ಲಿ ನಮ್ಮ ಮನೆಮನೆಗೂ ಬಂತು. ಬಹಳ ಉಪಕಾರಿ. ಆದರೆ ಅದಕ್ಕೂ ಒಂದು ಕುರುಡು ಇದೆ. ನೋವಿಗೆಂದು ಮಾರ್ಫಿನ್ ಪಡೆದ ರೋಗಿಯ ಉಸಿರು ನಿಧಾನವಾಗಿ ಎಂಟಕ್ಕೆ ಇಳಿದಿರಬಹುದು. ಮೂಗಿಗೆ ಆಮ್ಲಜನಕದ ಕೊಳವೆ ಇದ್ದರೆ ಆಕ್ಸಿಮೀಟರ್ ಆಗಲೂ 97 ಎಂದೇ ತೋರಿಸಬಹುದು. ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತ, ರೋಗಿ ಮಂಪರಿನೊಳಕ್ಕೆ ಜಾರುತ್ತಿರುವುದು ಅದಕ್ಕೆ ತಿಳಿಯುವುದಿಲ್ಲ. ಪಕ್ಕದವರು ಗೊರಕೆ ಕೇಳಿ 'ಒಳ್ಳೆಯ ನಿದ್ದೆ' ಎಂದುಕೊಳ್ಳುತ್ತಾರೆ. ಚರ್ಮದ ಬಣ್ಣ ಗಾಢವಾಗಿದ್ದವರಲ್ಲಿ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದೂ ಈಗ ತಿಳಿದಿದೆ.

ಇನ್ನು ನೋಡುವವರ ವಿಷಯ. ನಮ್ಮ ದೇಹದೊಳಗಿನ ಗಡಿಯಾರದ ಪ್ರಕಾರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೈ ಬಿಸಿ ಅತಿ ಕಡಿಮೆ ಇರುತ್ತದೆ. ಆಸ್ತಮಾ ಉಲ್ಬಣಿಸುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ. ರಾತ್ರಿಯೆಲ್ಲ ಎದ್ದಿರುವವರ ಎಚ್ಚರ ತೀರಾ ಕುಗ್ಗುವುದೂ ಮೂರರಿಂದ ಐದರ ನಡುವೆಯೇ. ರೋಗಿಗೆ ಕಾವಲು ಹೆಚ್ಚು ಬೇಕಾದ ಹೊತ್ತಿನಲ್ಲೇ ಕಾವಲಿನವರ ರೆಪ್ಪೆ ಭಾರವಾಗುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಪಾಳಿಯ ನಡುವೆ ಸರದಿಯ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಲು ಬಿಡುವು ಕೊಟ್ಟರೆ ಎಚ್ಚರ ಸುಧಾರಿಸುತ್ತದೆ. ಬಿಡುವು ಕೊಡಬೇಕಾದರೆ ಆಗ ನೋಡಿಕೊಳ್ಳಲು ಇನ್ನೊಬ್ಬರು ಬೇಕು. ತೊಂದರೆ ಇರುವುದು ಅಲ್ಲಿಯೇ.

ನಮ್ಮ ಆಸ್ಪತ್ರೆಗಳಲ್ಲಿ ಆ ಇನ್ನೊಬ್ಬರು ಅನೇಕ ಸಲ ರೋಗಿಯ ಕಡೆಯವರೇ ಆಗಿರುತ್ತಾರೆ, ಅಂದರೆ ನೀವು. ನೀವು ನರ್ಸ್ ಅಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅಜ್ಜಿಯ ಮಾಮೂಲು ರೀತಿ ನಿಮಗೆ ಗೊತ್ತಿರುವಷ್ಟು ಸಿಸ್ಟರಿಗೆ ಗೊತ್ತಿರುವುದಿಲ್ಲ. ಸಂಜೆ ಸರಿಯಾಗಿ ಮಾತಾಡುತ್ತಿದ್ದವರು ನಡುರಾತ್ರಿ ತೊದಲಿದರೆ, ಇದು ಯಾವ ಊರು ಎಂದು ಕೇಳಿದರೆ, ಕರೆದರೆ ಕಣ್ಣು ಬಿಡದಿದ್ದರೆ, 'ವಯಸ್ಸಾಯಿತು' ಎಂದು ಸುಮ್ಮನಾಗಬೇಡಿ. ಹೊಸದಾಗಿ ಬಂದ ಗೊಂದಲಕ್ಕೆ ಮೇಲೆ ಹೇಳಿದ ವಿಧಾನದಲ್ಲಿ ಒಂದೇ ಏಟಿಗೆ ಮೂರು ಅಂಕ. ಸಿಸ್ಟರನ್ನು ಕರೆಯುವಾಗ 'ಯಾಕೋ ಒಂಥರಾ ಇದ್ದಾರೆ' ಎನ್ನುವುದಕ್ಕಿಂತ, ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ, 'ಹನ್ನೊಂದಕ್ಕೆ ಉಸಿರು ಹದಿನೆಂಟು ಇತ್ತು ಸಿಸ್ಟರ್, ಈಗ ಇಪ್ಪತ್ತಾರು ಇದೆ, ನನ್ನ ಹೆಸರು ತಪ್ಪಾಗಿ ಹೇಳುತ್ತಿದ್ದಾರೆ' ಎನ್ನಿ. ಆ ಮಾತಿಗೆ ಅವರು ಕುರ್ಚಿಯಿಂದ ಏಳುತ್ತಾರೆ.