ಒಡಂಬಡಿಕೆಗೆ ಕಾವಲು

ದಿನಪತ್ರಿಕೆಗಳಲ್ಲಿ ‘ನಿರ್ಬಂಧ’ ಎಂಬ ಮಾತು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಯಾವುದೋ ದೇಶಕ್ಕೆ ಶಸ್ತ್ರಾಸ್ತ್ರಗಳನ್ನು ಮಾರಕೂಡದು, ಯಾರದೋ ಬ್ಯಾಂಕಿನ ಲೆಕ್ಕವನ್ನು ತಡೆಹಿಡಿಯಬೇಕು, ಯಾವನೋ ಸೇನಾನಿ ಗಡಿ ದಾಟಿ ಹೋಗಕೂಡದು, ಹೀಗೆಲ್ಲ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ವಿಧಿಸುವ ಕಟ್ಟುಗಳಿಗೆ ಆ ಹೆಸರು. ವಿಶ್ವಸಂಸ್ಥೆಯ ಸನ್ನದಿನ 41ನೆಯ ವಿಧಿ ಇದಕ್ಕೆ ಆಧಾರ. ಸೈನ್ಯವನ್ನು ಕಳುಹಿಸದೆ, ವ್ಯಾಪಾರ ಸಂಚಾರ ಸಂಪರ್ಕಗಳನ್ನು ಕಡಿದು ಹಾಕಿ ದಾರಿಗೆ ತರುವ ಉಪಾಯವಿದು. ಬಹುಮಂದಿ ಇದನ್ನು ಬರಿಯ ಶಿಕ್ಷೆಯೆಂದೇ ತಿಳಿದಿದ್ದಾರೆ. ಆದರೆ ಯುದ್ಧ ನಿಂತು, ಎರಡು ಪಕ್ಷದವರೂ ಒಡಂಬಡಿಕೆಗೆ ಸಹಿ ಹಾಕಿದ ಮೇಲೆ, ಆ ಒಡಂಬಡಿಕೆ ಮುರಿಯದಂತೆ ಕಾಯುವುದಕ್ಕೂ ನಿರ್ಬಂಧವನ್ನು ಬಳಸುವ ಪದ್ಧತಿ ಕಳೆದ ಮೂರು ದಶಕಗಳಲ್ಲಿ ಬೆಳೆದುಬಂದಿದೆ. ಇಂದಿನ ಮಾತು ಅದನ್ನು ಕುರಿತದ್ದು. ಅದನ್ನು ತಿಳಿಯಲು ನ್ಯೂಯಾರ್ಕಿನವರೆಗೆ ಹೋಗುವ ಮುನ್ನ, ತುಂಗಭದ್ರೆಯ ದಡದಲ್ಲಿ ಬಾಳುವ ನಾವು ನಮ್ಮ ಹಿತ್ತಿಲಿನ ಎರಡು ಒಡಂಬಡಿಕೆಗಳನ್ನು ನೋಡಿಕೊಳ್ಳುವುದು ಲೇಸು.

ಮೊದಲನೆಯದು ಮುರಿದುಹೋದ ಒಡಂಬಡಿಕೆ. 1366-67ರ ಸುಮಾರಿನಲ್ಲಿ ವಿಜಯನಗರದ ಬುಕ್ಕರಾಯನಿಗೂ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾನಿಗೂ ಘೋರವಾದ ಯುದ್ಧ ನಡೆಯಿತು. ಫಿರಿಷ್ತಾ ಹೇಳುವ ಕಾರಣ ವಿಚಿತ್ರವಾಗಿದೆ. ಗುಲ್ಬರ್ಗದಲ್ಲಿ ಹಾಡಿದ ಸಂಗೀತಗಾರರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದಿಂದ ಕೊಡಬೇಕೆಂದು ಸುಲ್ತಾನ ಚೀಟಿ ಬರೆದು ಕಳುಹಿಸಿದನಂತೆ. ರಾಯ ಆ ಚೀಟಿ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸಿದನಂತೆ. ಫಿರಿಷ್ತಾ ಬಿಜಾಪುರದಲ್ಲಿ ಕುಳಿತು ಇದನ್ನು ಬರೆದದ್ದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ರಾಯನ ಹೆಸರನ್ನೇ ಆತ ತಪ್ಪಾಗಿ ಬರೆದಿದ್ದಾನೆ. ಆದ್ದರಿಂದ ಅವನ ಅಂಕಿಸಂಖ್ಯೆಗಳನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಯುದ್ಧದ ಕೊನೆಯನ್ನು ಕುರಿತು ಅವನು ಹೇಳುವ ಮಾತು ಮುಖ್ಯವಾದದ್ದು. ಊರೂರುಗಳಲ್ಲಿ ಆಯುಧ ಹಿಡಿಯದ ಜನರ ಕೊಲೆಯನ್ನು ಕಂಡು ಮನನೊಂದ ರಾಯಭಾರಿಗಳು, ಮುಂದೆ ಎರಡೂ ಕಡೆಯವರು ಯುದ್ಧದಲ್ಲಿ ತೊಡಗದವರನ್ನು ಕೊಲ್ಲಕೂಡದೆಂಬ ಮಾತನ್ನು ಸುಲ್ತಾನನ ಮುಂದಿಟ್ಟರು. ಸುಲ್ತಾನ ಒಪ್ಪಿ ಆಣೆಯಿಟ್ಟ.

ಹದಿನಾಲ್ಕನೆಯ ಶತಮಾನದಲ್ಲಿ ಇಂತಹದೊಂದು ನಿಯಮವನ್ನು ಆಡಿ ಒಪ್ಪಿಕೊಂಡದ್ದೇ ದೊಡ್ಡ ಸಂಗತಿ. ಅದಕ್ಕೆ ನಲವತ್ತು ವರ್ಷ ಮುಂಚೆ, 1327ರ ಸುಮಾರಿನಲ್ಲಿ, ಇದೇ ಸೀಮೆಯ ಕಂಪಿಲಿಯ ಅರಸ ಕಂಪಿಲದೇವ ದೆಹಲಿಯ ಸುಲ್ತಾನನ ವೈರಿಗೆ ಆಶ್ರಯಕೊಟ್ಟು ರಾಜ್ಯವನ್ನೂ ಪ್ರಾಣವನ್ನೂ ನೀಗಿಕೊಂಡಿದ್ದ. ಅಲ್ಲಿ ಒಡಂಬಡಿಕೆಯ ಮಾತಿಗೇ ಎಡೆಯಿರಲಿಲ್ಲ. ಆದರೂ ಬುಕ್ಕನ ಕಾಲದ ಈ ಒಪ್ಪಂದಕ್ಕೆ ಆಣೆಯ ಹೊರತು ಬೇರೆ ಕಾವಲಿರಲಿಲ್ಲ. ಮುರಿದರೆ ಏನಾಗುತ್ತದೆ, ಮುರಿದದ್ದನ್ನು ಯಾರು ನೋಡುತ್ತಾರೆ, ಯಾರು ಕೇಳುತ್ತಾರೆ ಎಂಬುದೊಂದೂ ಅದರಲ್ಲಿ ಇಲ್ಲ. 1423ರ ಸುಮಾರಿಗೆ ಅಹ್ಮದ್ ಷಾ ಎಂಬ ಸುಲ್ತಾನ ವಿಜಯನಗರದ ಬಯಲು ನಾಡಿಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ. ಇದು ಹಿಂದಿನ ಸುಲ್ತಾನ ಕೊಟ್ಟ ಮಾತಿಗೆ ವಿರುದ್ಧವಾದದ್ದೆಂದು ಫಿರಿಷ್ತಾನೇ ಬರೆಯುತ್ತಾನೆ. ಬರೆಯುವುದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡುವಂತಿರಲಿಲ್ಲ.

ಎರಡನೆಯ ಒಡಂಬಡಿಕೆ ಅದೇ ಬುಕ್ಕರಾಯನದು. ಇಸವಿ 1368, ಶಕವರ್ಷ 1290. ಇದರ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಮಾಗಡಿ ಸೀಮೆಯ ಕಲ್ಯದಲ್ಲೂ ಇದರ ಪ್ರತಿಯಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಪಟ್ಟಣ ಮೊದಲಾದ ಕಡೆಯ ಜೈನರು ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಿಗೆ ಬಿನ್ನವಿಸಿಕೊಂಡರು. ಆನೆಗೊಂದಿಯೆಂದರೆ ಹಂಪೆಯ ಎದುರು ದಡ; ಎಂದಮೇಲೆ ಈ ಜಗಳ ರಾಜಧಾನಿಯ ಬಾಗಿಲಿನಲ್ಲೇ ಇದ್ದಿತು. ಪಂಚಮಹಾವಾದ್ಯ, ಕಲಶಗಳ ಗೌರವ ಜೈನರಿಗೆ ಸಲ್ಲತಕ್ಕದ್ದೋ ಇಲ್ಲವೋ ಎಂಬುದು ವಿವಾದದ ತಿರುಳು. ಇಂದಿನ ನಮಗೆ ಇದು ಸಣ್ಣ ಮಾತೆಂದು ತೋರೀತು. ಹಾಗೆ ತೋರುವವರು ನಮ್ಮ ಯಾವುದಾದರೂ ಊರಿನ ಜಾತ್ರೆಯಲ್ಲಿ ಯಾರ ಮೆರವಣಿಗೆ ಮುಂದು, ಯಾರದು ಹಿಂದು ಎಂಬ ಚರ್ಚೆ ಏಳುವಾಗ ಒಮ್ಮೆ ಹತ್ತಿರ ನಿಂತು ನೋಡಬೇಕು.

ಅರಸ ಮಾಡಿದ್ದೇನು? ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿದ. ವಾದ್ಯ ಕಲಶಗಳ ಗೌರವ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದ. ಜೈನದರ್ಶನಕ್ಕೆ ಆಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಭಾವಿಸತಕ್ಕದ್ದೆಂದ. ಬುಕ್ಕರಾಯನ ಪರಮತಸಹಿಷ್ಣುತೆಗೆ ಉದಾಹರಣೆಯಾಗಿ ಪಠ್ಯಪುಸ್ತಕಗಳು ಈ ಭಾಗವನ್ನು ಮಾತ್ರ ಹೇಳಿ ನಿಲ್ಲಿಸುತ್ತವೆ. ನನಗೆ ಅದರ ಮುಂದಿನ ಭಾಗವೇ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಅರಸನಿಗೆ ಒಳ್ಳೆಯ ಮಾತಿನ ಮೇಲೆ ಪೂರ್ಣ ನಂಬಿಕೆಯಿರಲಿಲ್ಲವೆಂಬುದು ಅಲ್ಲಿ ತಿಳಿಯುತ್ತದೆ.

ಮೊದಲಿಗೆ ಸಾಕ್ಷಿಗಳನ್ನು ನೋಡಿ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಅಲ್ಲಿದ್ದರು. ಅವರಷ್ಟೇ ಅಲ್ಲ, ಹದಿನೆಂಟು ನಾಡಿನ ಶ್ರೀವೈಷ್ಣವರು, ದೇವಾಲಯದ ನಾನಾ ಸೇವೆಯವರು, ತಿರುಕುಲ ಜಾಂಬವಕುಲದವರೂ ಇದ್ದರು. ಬೀದಿಯಲ್ಲಿ ಕೈ ಎತ್ತಬಲ್ಲವರು ಯಾರೋ ಅವರನ್ನೆಲ್ಲ ಒಪ್ಪಂದದೊಳಕ್ಕೆ ತಂದು ಕಟ್ಟಿಹಾಕಿದಂತಾಯಿತು. ಎರಡನೆಯದಾಗಿ ಪ್ರಚಾರ: ಈ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲೂ ನೆಡಿಸುವ ಹೊಣೆ ಬಿದ್ದದ್ದು ವೈಷ್ಣವರ ಮೇಲೆ. ಮೂರನೆಯದು ಕಾವಲು. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣವೆಂದರೆ ಅಂದಿನ ಒಂದು ಚಿಕ್ಕ ಚಿನ್ನದ ನಾಣ್ಯ. ಅನ್ಯಾಯಕ್ಕೆ ಒಳಗಾದವರೇ ಕಾವಲಿನ ಖರ್ಚನ್ನು ಹೊರಬೇಕಾಗಿ ಬಂದದ್ದು ನನಗೆ ಸರಿಯೆನಿಸುವುದಿಲ್ಲ. ಆದರೆ ಪ್ರಬಲ ಪಕ್ಷದ ಮುಖಂಡನ ಕೈಯಿಂದಲೇ ದುರ್ಬಲ ಪಕ್ಷದ ಗುಡಿಗೆ ಕಾವಲಿಡಿಸಿದ ಜಾಣತನವನ್ನು ಮೆಚ್ಚಬೇಕು. ಬೆಳಗೊಳದಲ್ಲಿ ಏನಾದರೂ ಕೆಡುಕು ನಡೆದರೆ ಮೊದಲು ಉತ್ತರ ಹೇಳಬೇಕಾದವನು ತಾತಯ್ಯ.

ಇನ್ನು ದಂಡನೆ. ಕಟ್ಟಳೆ ಮೀರಿದವನು ರಾಜದ್ರೋಹಿ, ಅಲ್ಲದೆ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಮೊದಲನೆಯದು ಅರಸನ ಕತ್ತಿಯ ಭಯ. ಎರಡನೆಯದು ಅದಕ್ಕಿಂತ ಬಿಗಿಯಾದದ್ದು: ಸಮುದಾಯದ ದ್ರೋಹಿಯೆನಿಸಿಕೊಂಡವನಿಗೆ ಕೊಳುಕೊಡೆಯಿಲ್ಲ, ಪಂಕ್ತಿಯಿಲ್ಲ, ಮಾತಿಲ್ಲ. ಕೊನೆಗೆ, ಅನೇಕ ಶಾಸನಗಳಲ್ಲಿ ಇರುವಂತೆ, ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪದ ಶಾಪಾಶಯ. ದಂಡನೆಯ ಜೊತೆಗೆ ಬಹುಮಾನವೂ ಉಂಟು. ಅರಸನಿಗೆ ಬಿನ್ನಹ ಮಾಡಿ ತಾತಯ್ಯನನ್ನು ಬರಮಾಡಿಸಿದ ಕಲ್ಲೆಹದ ಬುಸುವಿಸೆಟ್ಟಿಗೆ ಎರಡು ಸಮಯದವರೂ ಕೂಡಿ ಸಂಘನಾಯಕನೆಂಬ ಪಟ್ಟ ಕಟ್ಟಿದರು.

ಇದಾದ ಹದಿನೇಳು ವರ್ಷಕ್ಕೆ, 1385ರಲ್ಲಿ, ಎರಡನೆಯ ಹರಿಹರನ ಮಂತ್ರಿಯಾಗಿದ್ದ ಜೈನ ಇರುಗಪ್ಪ ರಾಜಧಾನಿಯಲ್ಲೇ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದ. ಇಂದು ಅದನ್ನು ಗಾಣಗಿತ್ತಿ ಬಸದಿಯೆಂದು ಕರೆಯುತ್ತಾರೆ. ಎದುರಿನ ಕಂಬದ ಮೇಲೆ ಅದರ ಶಾಸನವಿದೆ. ಬಹುಪಾಲು ಪ್ರವಾಸಿಗರು ವಿಠಲನ ಕಲ್ಲಿನ ರಥದ ಅವಸರದಲ್ಲಿ ಅದನ್ನು ದಾಟಿಹೋಗುತ್ತಾರೆ.

ವ್ಯಾಪಾರವನ್ನೇ ಆಯುಧವಾಗಿ ಮಾಡಿಕೊಳ್ಳುವುದನ್ನೂ ಹಂಪೆ ಕಂಡಿದೆ. 1547ರಲ್ಲಿ, ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ಆಳುತ್ತಿದ್ದಾಗ, ಗೋವೆಯ ಪೋರ್ಚುಗೀಸ್ ಅಧಿಪತಿ ಜೊವಾವ್ ದ ಕಾಸ್ತ್ರೊನೊಡನೆ ಒಂದು ಒಪ್ಪಂದವಾಯಿತು. ಗೋವೆಯಲ್ಲಿ ಇಳಿಯುವ ಅರಬ್ಬೀ ಕುದುರೆಗಳೆಲ್ಲ ವಿಜಯನಗರಕ್ಕೆ ಬರಬೇಕು, ಬಿಜಾಪುರಕ್ಕೆ ಹೋಗಕೂಡದು. ವಿಜಯನಗರದ ಕಬ್ಬಿಣ, ಪೆಟ್ಲುಪ್ಪು ಆದಿಲ್‌ಷಾಹಿ ಸೀಮೆಗೆ ಹೋಗದೆ ಹೊನ್ನಾವರ ಮೊದಲಾದ ಬಂದರುಗಳಿಗೆ ಇಳಿಯಬೇಕು. ಕುದುರೆಯಿಲ್ಲದೆ ದಂಡಿಲ್ಲ, ಪೆಟ್ಲುಪ್ಪಿಲ್ಲದೆ ಮದ್ದಿಲ್ಲ, ಲೆಕ್ಕಾಚಾರವೇನೋ ಚೆನ್ನಾಗಿತ್ತು. ಆದರೆ 1548ರಲ್ಲಿ ಕಾಸ್ತ್ರೊ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಅದೇ ವರ್ಷ ಬಿಜಾಪುರದೊಡನೆ ಸಂಧಿ ಮಾಡಿಕೊಂಡ. ಇದು ಶಾಂತಿಯನ್ನು ಕಾಯುವ ನಿರ್ಬಂಧವಲ್ಲ, ಶತ್ರುವನ್ನು ಸೊರಗಿಸುವ ನಿರ್ಬಂಧ. ಬೇಲಿ ಕಾಯುವವನು ತನ್ನ ಲಾಭ ಕಂಡಲ್ಲಿಗೆ ನಡೆದುಬಿಟ್ಟ. ಇಂದಿನ ನಿರ್ಬಂಧಗಳಿಗೂ ಇದೇ ದೊಡ್ಡ ರೋಗ.

ಆಫ್ರಿಕದ ಅಂಗೋಲಾವನ್ನು ನೋಡಿ. 1991ರಲ್ಲಿ ಸರ್ಕಾರಕ್ಕೂ ಯುನಿಟಾ ಎಂಬ ಬಂಡುಕೋರ ಪಕ್ಷಕ್ಕೂ ಒಪ್ಪಂದವಾಯಿತು. 1992ರ ಚುನಾವಣೆಯಲ್ಲಿ ಸೋತ ಯುನಿಟಾದ ನಾಯಕ ಸವಿಂಬಿ ಮತ್ತೆ ಬಂದೂಕು ಹಿಡಿದ. ಭದ್ರತಾ ಮಂಡಳಿ 1993ರಲ್ಲಿ ಅವನ ಪಕ್ಷಕ್ಕೆ ಶಸ್ತ್ರ ಮತ್ತು ಇಂಧನದ ಸರಬರಾಜನ್ನು ನಿಷೇಧಿಸಿತು. 1994ರಲ್ಲಿ ಲುಸಾಕಾದಲ್ಲಿ ಮತ್ತೊಂದು ಒಪ್ಪಂದ. ಅದನ್ನೂ ಅವನು ಪಾಲಿಸಲಿಲ್ಲ. 1997ರಲ್ಲಿ ಅವನ ಮುಖಂಡರ ಪ್ರಯಾಣ ನಿಂತಿತು, 1998ರಲ್ಲಿ ಅವನ ವಜ್ರಗಳ ಮಾರಾಟ ನಿಷಿದ್ಧವಾಯಿತು. ಕಾಗದದ ಮೇಲೆ ಎಲ್ಲವೂ ಇತ್ತು. ವಜ್ರ ಮಾತ್ರ ಹರಿಯುತ್ತಲೇ ಇತ್ತು. 2000ದಲ್ಲಿ ಕೆನಡಾದ ರಾಯಭಾರಿ ರಾಬರ್ಟ್ ಫೌಲರ್ ನೇತೃತ್ವದ ಸಮಿತಿಯ ವರದಿ, ಅಧಿಕಾರದಲ್ಲಿದ್ದ ಇಬ್ಬರು ರಾಷ್ಟ್ರಾಧ್ಯಕ್ಷರನ್ನೇ ಹೆಸರಿಸಿ, ನಿರ್ಬಂಧವನ್ನು ಮುರಿಯುವವರು ಯಾರೆಂದು ಜಗತ್ತಿಗೆ ಸಾರಿತು. ತಾತಯ್ಯನಿಗೆ ಒಪ್ಪಿಸಿದಂತಹ ಉಸ್ತುವಾರಿಯ ಕೆಲಸ ಅಲ್ಲಿ ಶುರುವಾದದ್ದು ಹಲವು ವರ್ಷ ತಡವಾಗಿ. ಆ ಅನುಭವದಿಂದಲೇ ವಜ್ರದ ಮೂಲವನ್ನು ಪ್ರಮಾಣೀಕರಿಸುವ ಕಿಂಬರ್ಲಿ ವ್ಯವಸ್ಥೆ 2003ರಲ್ಲಿ ಜಾರಿಗೆ ಬಂದಿತು. ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರಿಗೂ ಈ ಕಾಗದಪತ್ರ ತಟ್ಟಿತು. ಸವಿಂಬಿ 2002ರ ಫೆಬ್ರವರಿಯಲ್ಲಿ ಹತನಾದ ಮೇಲೆಯೇ ಅಂಗೋಲಾದಲ್ಲಿ ಯುದ್ಧ ನಿಂತದ್ದು.

ಲೈಬೀರಿಯಾದ ಕಥೆ ಇದಕ್ಕಿಂತ ಸಮಾಧಾನಕರ. 2003ರ ಆಗಸ್ಟಿನಲ್ಲಿ ಆಕ್ರಾದಲ್ಲಿ ಶಾಂತಿ ಒಪ್ಪಂದವಾಯಿತು. ಯುದ್ಧದ ಹಣ ಬರುತ್ತಿದ್ದದ್ದು ಮರದ ದಿಮ್ಮಿ ಮತ್ತು ವಜ್ರಗಳಿಂದ. ಡಿಸೆಂಬರಿನಲ್ಲಿ ಭದ್ರತಾ ಮಂಡಳಿ ಅವೆರಡರ ರಫ್ತನ್ನು ತಡೆದು, ಏನೇನು ಮಾಡಿದರೆ ತಡೆ ತೆಗೆಯುತ್ತೇವೆಂಬುದನ್ನೂ ಹೇಳಿತು. ಹೊಸ ಸರ್ಕಾರ ಕಾಡಿನ ಹಳೆಯ ಗುತ್ತಿಗೆಗಳನ್ನು ರದ್ದುಮಾಡಿತು. 2006ರಲ್ಲಿ ಮರದ ಮೇಲಿನ ತಡೆ ಹೋಯಿತು. 2007ರಲ್ಲಿ ವಜ್ರದ್ದೂ ಹೋಯಿತು. ಶಸ್ತ್ರಗಳ ನಿರ್ಬಂಧ ಉಳಿದುಕೊಂಡು 2016ರಲ್ಲಿ ಎಲ್ಲವೂ ಮುಗಿಯಿತು. ಆ ವರ್ಷಗಳಲ್ಲಿ ಲೈಬೀರಿಯಾದ ಬೀದಿಗಳನ್ನು ಕಾದವರಲ್ಲಿ, 2007ರಿಂದ, ಭಾರತದ ಮಹಿಳಾ ಪೊಲೀಸರ ತುಕಡಿಯೂ ಇತ್ತು.

ಹಂತಹಂತವಾಗಿ ಬಿಡಿಸುವ ಈ ಕ್ರಮ ಸಂಡೂರು-ಹೊಸಪೇಟೆಯವರಿಗೆ ಹೊಸದಾಗಿ ಕಾಣಲಾರದು. ನಮ್ಮದು ಯುದ್ಧವಲ್ಲ, ಅಕ್ರಮ ಗಣಿಗಾರಿಕೆ. ಆದರೂ ಹೋಲಿಕೆ ಉಂಟು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲಿನ ತೀರ್ಪಿನಂತೆ ಮೊದಲೆರಡು ವರ್ಗದವು ಷರತ್ತಿಗೆ ಒಳಪಟ್ಟು ಕೆಲಸ ಮುಂದುವರಿಸಬಹುದಾಯಿತು. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಆ ನಡುವೆ ಲಾರಿಯ ಚಾಲಕ, ಕ್ಲೀನರ್, ಢಾಬಾದವನು, ಪಂಕ್ಚರ್ ಅಂಗಡಿಯವನು ಕೆಲಸವಿಲ್ಲದೆ ಕುಳಿತದ್ದನ್ನು ಈ ಸೀಮೆ ಕಂಡಿದೆ. 1990ರಿಂದ ಇರಾಕಿನ ಮೇಲಿದ್ದ ಸರ್ವನಿಷೇಧದಲ್ಲಿ ಔಷಧಿಯಿಲ್ಲದೆ, ಹೊಟ್ಟೆಗಿಲ್ಲದೆ ನವೆದವರು ಸಾಮಾನ್ಯರು. ಅರಮನೆಯಲ್ಲಿ ಊಟ ತಪ್ಪಲಿಲ್ಲ. ಭದ್ರತಾ ಮಂಡಳಿ ಅಂತಹ ಸಾರಾಸಗಟು ನಿಷೇಧವನ್ನು ಬಿಟ್ಟು, ತಪ್ಪಿತಸ್ಥರ ಹೆಸರು ಹಿಡಿದು ಅವರ ಹಣ ಮತ್ತು ಪ್ರಯಾಣವನ್ನಷ್ಟೇ ತಡೆಯುವ ದಾರಿಗೆ ಬಂದದ್ದು ಈ ಕಹಿಯಿಂದ.

ಆದರೆ ಹೆಸರು ಹಿಡಿದ ಎಷ್ಟೋ ನಿರ್ಬಂಧಗಳಿಗೂ ವರ್ಷ ವರ್ಷ ಒಪ್ಪಿಗೆ ಬೇಕು. ಬುಕ್ಕರಾಯನ ಶಾಸನ ಸೂರ್ಯಚಂದ್ರರಿರುವ ತನಕ ಎಂದು ಹೇಳಿಬಿಟ್ಟಿತು. ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ನಿಷೇಧಾಧಿಕಾರವಿದೆ. ಮಾಲಿ ದೇಶದ ಸರ್ಕಾರಕ್ಕೂ ಉತ್ತರದ ಬಂಡುಕೋರರಿಗೂ 2015ರಲ್ಲಿ ಆಲ್ಜಿಯರ್ಸ್ ಸಂಧಾನದಿಂದ ಒಪ್ಪಂದವಾಗಿತ್ತು. ಅದಕ್ಕೆ ಅಡ್ಡಿಮಾಡುವವರ ಮೇಲೆ 2017ರಲ್ಲಿ ನಿರ್ಬಂಧ ವಿಧಿಸಿ, ಉಲ್ಲಂಘನೆಗಳನ್ನು ನೋಡಿ ವರದಿ ಮಾಡಲು ತಜ್ಞರ ಸಮಿತಿಯನ್ನೂ ನೇಮಿಸಲಾಯಿತು. 2023ರ ಆಗಸ್ಟಿನಲ್ಲಿ ಅದನ್ನು ಮುಂದುವರಿಸುವ ನಿರ್ಣಯಕ್ಕೆ ರಷ್ಯಾ ನಿಷೇಧಾಧಿಕಾರ ಚಲಾಯಿಸಿತು. ನಿರ್ಬಂಧವೂ ಸಮಿತಿಯೂ ಮುಗಿದವು. ನವೆಂಬರಿನಲ್ಲಿ ಸರ್ಕಾರಿ ಸೈನ್ಯ ಬಂಡುಕೋರರ ಕಿಡಾಲ್ ಪಟ್ಟಣವನ್ನು ಹಿಡಿಯಿತು. 2024ರ ಜನವರಿಯಲ್ಲಿ ಅಲ್ಲಿನ ಸೈನಿಕ ಸರ್ಕಾರ, 2015ರ ಒಪ್ಪಂದ ಇನ್ನು ಇಲ್ಲವೆಂದು ಸಾರಿತು.