ಒಂದೇ ಗೇರಿಗೆ ಎಷ್ಟು ಹಲ್ಲು?

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲ್ಲನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಹಿಂದಿನ ಚಕ್ರ ಎರಡು ಸುತ್ತು ದಾಟಿ ಮೂರನೆಯದರ ಅರ್ಧದ ಹತ್ತಿರ ಬಂದಿರುತ್ತದೆ. ಮುಂದಿನ ಚೈನ್‌ವ್ಹೀಲ್‌ನಲ್ಲಿ 44 ಹಲ್ಲು, ಹಿಂದಿನ ಫ್ರೀವ್ಹೀಲ್‌ನಲ್ಲಿ 18 ಹಲ್ಲು ಇದ್ದರೆ ಭಾಗಿಸಿದಾಗ ಸಿಗುವುದು 2.44. ಗೇರ್ ಅನುಪಾತವೆಂದರೆ ಇಷ್ಟೇ. 28 ಇಂಚಿನ ಚಕ್ರ ಒಮ್ಮೆ ಉರುಳಿದರೆ 2.23 ಮೀಟರ್. ಹಾಗಾಗಿ ಪೆಡಲ್ಲಿನ ಪ್ರತಿ ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರ್ ಹತ್ತಿರದ ವೇಗ.

ಈ ದೂರ ಪುಕ್ಕಟೆ ಸಿಗುವುದಿಲ್ಲ. 170 ಮಿಲಿಮೀಟರ್ ಕ್ರ್ಯಾಂಕ್ ಇರುವ ಇಂಥ ಸೈಕಲ್ಲಿನಲ್ಲಿ ಕಾಲು ಹಾಕಿದ ಬಲದ ಐದರಲ್ಲೊಂದು ಪಾಲು ಮಾತ್ರ ರಸ್ತೆಗೆ ತಲುಪುತ್ತದೆ. ಸಮತಟ್ಟು ರಸ್ತೆಯಲ್ಲಿ ಅಷ್ಟು ಧಾರಾಳ. ಏರಿನಲ್ಲಿ ಲೆಕ್ಕ ಬೇರೆ. ಸವಾರ 70 ಕೆಜಿ, ಸೈಕಲ್ಲು 20 ಕೆಜಿ ಎಂದುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಿಬ್ಬದಲ್ಲಿ ಟೈರಿನ ಎಳೆತವೂ ಸೇರಿ ಸುಮಾರು 10 ಕೆಜಿಯಷ್ಟು ನೂಕುಬಲ ಬೇಕು. ಅಂದರೆ ಪೆಡಲ್ ಮೇಲೆ ಸರಾಸರಿ 50 ಕೆಜಿ. ಸೀಟಿನಿಂದ ಎದ್ದು ನಿಂತು ಮೈಭಾರ ಪೂರ್ತಿ ಹಾಕಿದರೂ, ಕ್ರ್ಯಾಂಕ್ ಮೇಲೆ ಕೆಳಗೆ ನಿಂತ ಗಳಿಗೆಯಲ್ಲಿ ಆ ಭಾರ ವ್ಯರ್ಥವಾಗಿ ಸರಾಸರಿ 45 ಕೆಜಿ ದಾಟುವುದಿಲ್ಲ. ಹ್ಯಾಂಡಲ್ ಜಗ್ಗಿ ಕೊರತೆ ತುಂಬಬೇಕು, ಇಲ್ಲವೇ ಇಳಿದು ತಳ್ಳಬೇಕು.

ವೃತ್ತಿಪರ ಸವಾರರಿಗೂ ಈ ಕಷ್ಟ ತಪ್ಪಿರಲಿಲ್ಲ. ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ, ಓಡುವಾಗಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಹಿಂದಿನ ಚಕ್ರದ ಎರಡು ಬದಿಗೂ ಬೇರೆ ಬೇರೆ ಹಲ್ಲುಚಕ್ರ ಇರುತ್ತಿದ್ದವು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುವಿ ಹಾಕಿಕೊಂಡು ಮುಂದೆ ಹೋಗುತ್ತಿದ್ದರು.

ನಿಮ್ಮ ಸೈಕಲ್ಲಿನ ಅನುಪಾತ ಬದಲಿಸಬೇಕೆಂದರೆ ಹಿಂದಿನ ಫ್ರೀವ್ಹೀಲಿನಿಂದ ಶುರುಮಾಡಿ. ಅಲ್ಲಿನ ಒಂದು ಹಲ್ಲು ಮುಂದಿನ ಎರಡೂವರೆ ಹಲ್ಲಿಗೆ ಸಮ. 18ರ ಬದಲು 20 ಹಲ್ಲಿನದು ಹಾಕಿದರೆ ಅನುಪಾತ 2.2ಕ್ಕೆ ಇಳಿದು, ತುಳಿತ ಹತ್ತರಲ್ಲೊಂದು ಪಾಲು ಹಗುರಾಗುತ್ತದೆ. ಅರ್ಧ ಇಂಚಿನ ಕೊಂಡಿಗಳ ಚೈನಾದ್ದರಿಂದ ಹಿಂದಿನ ಆಕ್ಸಲ್ಲನ್ನು 6 ಮಿಲಿಮೀಟರಿನಷ್ಟು ಮುಂದಕ್ಕೆ ಸರಿಸಲು ಕಚ್ಚಿನಲ್ಲಿ ಜಾಗವಿದ್ದರೆ ಹಳೆಯ ಚೈನೇ ಸಾಕು. ಬ್ರೇಕ್ ಮಾತ್ರ ಮತ್ತೆ ಹೊಂದಿಸಿಕೊಳ್ಳಬೇಕು.

ಆಯ್ಕೆ ಗೊಂದಲವಾದರೆ ಹಗುರದ ಕಡೆಗೇ ವಾಲಿ. ಗೇರ್ ಹಗುರವಾದಾಗ ಆಗುವ ನಷ್ಟ ಬಯಲು ರಸ್ತೆಯಲ್ಲಿ ಕಾಲು ಸ್ವಲ್ಪ ಜಾಸ್ತಿ ಆಡುವುದಷ್ಟೇ. ಇಳಿಜಾರಿನಲ್ಲಿ ಫ್ರೀವ್ಹೀಲ್ ಇರುವುದರಿಂದ ತುಳಿಯುವ ಪ್ರಮೇಯವೇ ಇಲ್ಲ. ಗೇರ್ ಭಾರವಾದರೆ ಪ್ರತಿ ದಿಬ್ಬದಲ್ಲೂ ಮಂಡಿ ದಂಡ ತೆರುತ್ತದೆ. ರಾಯಚೂರಿನ ಬಯಲಿಗೆ ಒಪ್ಪುವ ಹಲ್ಲು ಮಡಿಕೇರಿಯ ಏರಿಗೆ ಒಪ್ಪುವುದಿಲ್ಲ. ದಿನವೂ ಹಾಯುವ ಏರುಗಳಲ್ಲಿ ಅತಿ ಕಡಿದಾದದ್ದನ್ನು ಏದುಸಿರು ಬಿಡದೆ ಹತ್ತಬಲ್ಲಿರಾದರೆ, ನಿಮ್ಮ ಹಲ್ಲಿನ ಲೆಕ್ಕ ಸರಿಯಿದೆ.